ಸತ್ಯವೇದದಲ್ಲಿ ಕಬ್ಬಿಣ

ಓದತಕ್ಕ ಭಾಗಗಳು: 1 ಸಮುವೇಲ 13:19–22, 2 ಅರಸುಗಳು 6:1–7, ಯೆರೆಮೀಯ 17:1, ಕೊಲೊಸ್ಸೆ 2:13–15.



ನೇಗಿಲಿನ ಕುಳವು ಮೊಂಡಾದರೆ ಹೊಲದ ಕೆಲಸವು ನಿಲ್ಲುವದೆಂಬದನ್ನು ನಿಮಗೆ ಯಾರೂ ಕಲಿಸಬೇಕಾದದ್ದಿಲ್ಲ. ಸತ್ಯವೇದದಲ್ಲಿ ಕಾಣುವ ಜನರೂ ಉಳುವವರು, ಕಾಡು ಕಡಿಯುವವರು, ಕುರಿ ಕಾಯುವವರು ಆಗಿದ್ದರು. ಆದದರಿಂದ ಕಬ್ಬಿಣದ ಮಾತು ಅದರಲ್ಲಿ ಪದೇಪದೇ ಬರುತ್ತದೆ. ಕಬ್ಬಿಣವು ಆ ಕಾಲದಲ್ಲಿ ಹೇಗೆ ದೊರೆಯಿತು, ಯಾರ ಕೈಯಲ್ಲಿತ್ತು, ಅದು ಇಲ್ಲದವನ ಗತಿ ಏನಾಯಿತು, ದೇವರು ಅದನ್ನು ಯಾವ ಸಂಗತಿಗಳಿಗೆ ಗುರುತಾಗಿ ಇಟ್ಟನು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಕಬ್ಬಿಣವು ದೊರೆತ ಬಗೆ

ಆದಿಕಾಂಡದ 4ನೆಯ ಅಧ್ಯಾಯದಲ್ಲಿ ತಾಮ್ರ ಕಬ್ಬಿಣಗಳ ಕೆಲಸದವನಾಗಿ ತೂಬಲ್ಕಾಯಿನನ ಹೆಸರು ಬರೆದದೆ. ಆದರೂ ಪೂರ್ವಕಾಲದಲ್ಲಿ ಕಬ್ಬಿಣವು ಬಹು ಅಪರೂಪವಾದ ವಸ್ತುವಾಗಿತ್ತು. ಕ್ರಿಸ್ತಪೂರ್ವ 14ನೆಯ ಶತಮಾನದಲ್ಲಿ ಐಗುಪ್ತವನ್ನಾಳಿದ ಟೂಟಂಖಾಮನ್ ಎಂಬ ಅರಸನ ಸಮಾಧಿಯು 1922ರಲ್ಲಿ ಸಿಕ್ಕಿತು. ಅವನ ದೇಹದ ಬಳಿಯಲ್ಲಿ ಬಂಗಾರದ ಹಿಡಿಯುಳ್ಳ ಕಬ್ಬಿಣದ ಕಠಾರಿಯಿತ್ತು. ಆ ಕಬ್ಬಿಣವು ಆಕಾಶದಿಂದ ಬಿದ್ದ ಉಲ್ಕೆಯದೆಂದು 2016ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂತು. ಅರಸನ ಕಠಾರಿಗೂ ಆಕಾಶದಿಂದ ಬಿದ್ದ ಕಲ್ಲೇ ಬೇಕಾಯಿತೆಂದರೆ ಬಡವನ ಕೈಗೆ ಕಬ್ಬಿಣವು ಹೇಗೆ ಬಂದೀತು?

ಇದಕ್ಕೆ ಕಾರಣವುಂಟು. ತಾಮ್ರವು 1,085 ಡಿಗ್ರಿ ಶಾಖದಲ್ಲಿ ಕರಗುತ್ತದೆ. ಕಬ್ಬಿಣಕ್ಕೋ 1,538 ಡಿಗ್ರಿ ಬೇಕು. ಆ ದೇಶಗಳ ಕುಲುಮೆಗಳಲ್ಲಿ ಅಷ್ಟು ಶಾಖವನ್ನುಂಟುಮಾಡುವದು ಆಗಲಿಲ್ಲ. ಅವರು ಮಣ್ಣಿನ ಒಲೆಯಲ್ಲಿ ಅದಿರನ್ನೂ ಇದ್ದಲನ್ನೂ ತುಂಬಿ ತಿದಿಯೊತ್ತುತ್ತಿದ್ದರು. ಆಗ ಕಬ್ಬಿಣವು ನೀರಾಗಿ ಹರಿಯದೆ ಕಿಟ್ಟದೊಡನೆ ಕೂಡಿದ ತೂತುತೂತಾದ ಮುದ್ದೆಯಾಗಿ ಉಳಿಯುತ್ತಿತ್ತು. ಆ ಮುದ್ದೆಯನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ಕಿಟ್ಟವನ್ನು ಹೊರಡಿಸಿದರೆ ಮಾತ್ರ ಒಂದು ಕುಡುಗೋಲಿಗೆ ಸಾಕಾಗುವಷ್ಟು ಕಬ್ಬಿಣ ಸಿಕ್ಕುವದು. ವಿಗ್ರಹ ಮಾಡುವ ಕಮ್ಮಾರನು ಬೆಂಕಿಯ ಮುಂದೆ ದುಡಿದು ಹಸಿದು ಬಾಯಾರಿ ಬಳಲುವದನ್ನು ಯೆಶಾಯನು 44ನೆಯ ಅಧ್ಯಾಯದಲ್ಲಿ ವರ್ಣಿಸಿದ್ದಾನೆ.

ಕ್ರಿಸ್ತಪೂರ್ವ 1200ರಿಂದೀಚೆಗೆ ಈ ವಿದ್ಯೆಯು ಸ್ವಲ್ಪಸ್ವಲ್ಪವಾಗಿ ಹಬ್ಬಿತು. ಕಾನಾನಿನ ಕಲ್ಲುಗಳಲ್ಲಿ ಕಬ್ಬಿಣವುಂಟೆಂದು ಮೋಶೆಯು ಮುಂಚೆಯೇ ಜನರಿಗೆ ತಿಳಿಸಿದ್ದನು (ಧರ್ಮೋಪದೇಶಕಾಂಡ 8:9). ಯೊರ್ದನಿನ ಆಚೆ ಯಬ್ಬೋಕ್ ಹೊಳೆಯ ಹತ್ತಿರ ತೆಲ್ ಹಮ್ಮೆ ಎಂಬ ದಿಬ್ಬವನ್ನು ಅಗೆದವರು, ಕ್ರಿಸ್ತಪೂರ್ವ 10ನೆಯ ಶತಮಾನದಷ್ಟು ಹಳೆಯದಾದ ಕಬ್ಬಿಣದ ಕಿಟ್ಟವನ್ನು ಕಂಡಿದ್ದಾರೆ.

2. ಕಮ್ಮಾರನಿಲ್ಲದ ದೇಶ

ಸೌಲನ ದಿನಗಳಲ್ಲಿ ಇಸ್ರಾಯೇಲ್ಯರಿಗೆ ಒಬ್ಬ ಕಮ್ಮಾರನೂ ಇರಲಿಲ್ಲ. ಅವರ ಕೈಗೆ ಆಯುಧ ಬರಬಾರದೆಂದು ಫಿಲಿಷ್ಟಿಯರು ಇದನ್ನು ಉಪಾಯದಿಂದ ಮಾಡಿದ್ದರು. ಆದದರಿಂದ ಕುಳ, ಗುದ್ದಲಿ, ಕೊಡಲಿಗಳನ್ನು ಹರಿತಮಾಡಿಸುವದಕ್ಕೆ ರೈತನು ತನ್ನ ವೈರಿಯ ಬಳಿಗೇ ಇಳಿದುಹೋಗಬೇಕಾಯಿತು. ಕುಳಕ್ಕೂ ಗುದ್ದಲಿಗೂ ಒಂದು ‘ಪೀಮ್’ ಕೂಲಿಯೆಂದು ಮೂಲಭಾಷೆಯಲ್ಲಿ ಬರೆದದೆ. ಸತ್ಯವೇದದಲ್ಲಿ ಈ ಮಾತು ಇನ್ನೆಲ್ಲಿಯೂ ಬಾರದ ಕಾರಣ ಹಿಂದಿನ ಭಾಷಾಂತರಕಾರರಲ್ಲಿ ಕೆಲವರು ಅರ ಎಂದು ಅರ್ಥಮಾಡಿದರು. ಆ ಮೇಲೆ ಆ ದೇಶದ ನೆಲದೊಳಗಿಂದ ‘ಪೀಮ್’ ಎಂಬ ಅಕ್ಷರಗಳನ್ನು ಕೆತ್ತಿದ ಚಿಕ್ಕ ತೂಕದ ಕಲ್ಲುಗಳು ಸಿಕ್ಕಿದವು. ಅವುಗಳ ತೂಕವು ಸುಮಾರು 7.8 ಗ್ರಾಂ, ಅಂದರೆ ಶೆಕೆಲಿನ ಮೂರರಲ್ಲಿ ಎರಡು ಪಾಲು. ನಮ್ಮ ಲೆಕ್ಕದಲ್ಲಿ ಹೇಳುವದಾದರೆ ಒಂದು ಕುಳ ಹರಿತಮಾಡಿಸುವದಕ್ಕೆ ಮುಕ್ಕಾಲು ತೊಲೆಗೆ ಸ್ವಲ್ಪ ಕಡಿಮೆಯಾದ ಬೆಳ್ಳಿ!

ಇದನ್ನು ಚೆನ್ನಾಗಿ ಯೋಚಿಸಿರಿ.  ಫಿಲಿಷ್ಟಿಯರು ಹರಿತಮಾಡುವ ಕೆಲಸವನ್ನು ತಮ್ಮಲ್ಲಿಟ್ಟುಕೊಂಡರು. ಅಷ್ಟರಿಂದಲೇ ಬೆಳೆಯೆಲ್ಲಾ ಅವರ ಅಂಕೆಗೆ ಸಿಕ್ಕಿತು. ಯುದ್ಧದ ದಿವಸದಲ್ಲಿ ಸೌಲನಿಗೂ ಯೋನಾತಾನನಿಗೂ ಹೊರತು ಜನರಲ್ಲಿ ಯಾರಿಗೂ ಕತ್ತಿಯಿರಲಿಲ್ಲ. ಅತ್ತ ಗೊಲ್ಯಾತನ ಭರ್ಜಿಯ ಅಲಗೊಂದೇ 600 ಶೆಕೆಲ್ ಕಬ್ಬಿಣ, ಹೆಚ್ಚು ಕಡಿಮೆ ಏಳು ಕಿಲೋ ತೂಕ.

ಆದರೂ ದೇವರು ಕಬ್ಬಿಣವನ್ನು ಎಣಿಸಿ ಜಯವನ್ನು ಕೊಡುವಾತನಲ್ಲ. ಇದಕ್ಕೆ ಮುಂಚೆ ಸೀಸೆರನಿಗೆ 900 ಕಬ್ಬಿಣದ ರಥಗಳಿದ್ದವು. ಕೀಷೋನ್ ಹಳ್ಳದ ಬಳಿಯಲ್ಲಿ ಆ ಸೈನ್ಯವು ಚದರಿಹೋಯಿತು. ರಥಗಳ ಒಡೆಯನು ರಥದಿಂದಿಳಿದು ಕಾಲುನಡೆಯಾಗಿ ಓಡಿದನು (ನ್ಯಾಯಸ್ಥಾಪಕರು 4:15).

3. ಎರವಲು ತಂದ ಕೊಡಲಿ

ಎಲೀಷನ ದಿನಗಳಲ್ಲಿ ಪ್ರವಾದಿಗಳ ಶಿಷ್ಯರು ಮನೆ ಕಟ್ಟುವದಕ್ಕೆ ಯೊರ್ದನಿನ ದಡದಲ್ಲಿ ಮರ ಕಡಿಯುತ್ತಿದ್ದಾಗ ಒಬ್ಬನ ಕೊಡಲಿಯು ಕಾವಿನಿಂದ ಕಳಚಿ ನೀರಿಗೆ ಬಿತ್ತು. ಅವನು ಕೂಗಿಕೊಂಡನು. ಕೆಲಸ ನಿಂತಿತೆಂದು ಕೂಗಲಿಲ್ಲ. ಅದು ಎರವಲು ತಂದದ್ದೆಂದು ಕೂಗಿದನು.

ಆ ಕೂಗು ನನಗೆ ಪರಿಚಯವಾದದ್ದು. ನನ್ನ ಬಾಲ್ಯದಲ್ಲಿ ನಮ್ಮ ಮನೆಗೆ ಸ್ವಂತ ಕೊಡಲಿ ಇರಲಿಲ್ಲ. ತಂದೆಯವರು ಊರಿನ ಒಬ್ಬ ಜಮೀನುಳ್ಳವರಿಂದ ತಂದ ಕೊಡಲಿಯು ಬಾವಿಗೆ ಬಿತ್ತು. ಅದಕ್ಕಾಗಿ ಅವರು ಹನ್ನೆರಡು ದಿವಸ ಕೂಲಿಯಿಲ್ಲದೆ ದುಡಿದು ತೀರಿಸಿದರು. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಕೊಡಲಿಯು ಸಿಕ್ಕಿತು. ಅದು ನಮಗೇ ಇರಲಿ, ಬೆಲೆ ತೀರಿತಲ್ಲಾ ಎಂದು ತಾಯಿಯವರು ಹೇಳಿದರು. ತಂದೆಯವರು ಅದನ್ನು ತೊಳೆದು, ಹೊಸ ಕಾವು ಹಾಕಿ, ಒಡೆಯನ ಮನೆಗೆ ಕೊಟ್ಟುಬಂದರು. ಅವರು ಮಾಡಿದ್ದು ಸರಿಯೋ ಎಂದು ನಾನು ಬಹು ವರುಷ ಯೋಚಿಸಿದ್ದೇನೆ. ಆದರೆ ಆ ದಿವಸದಿಂದ ಅವರು ಆ ಮನೆಯ ಮುಂದೆ ತಲೆ ಬೊಗ್ಗಿಸಿ ನಡೆದದ್ದನ್ನು ನಾನು ನೋಡಲಿಲ್ಲ.

ಎಲೀಷನು ಒಂದು ಕಟ್ಟಿಗೆಯನ್ನು ಕಡಿದು ನೀರಿಗೆ ಹಾಕಲಾಗಿ ಕಬ್ಬಿಣವು ತೇಲಿತು. ಅರಸರ ರಥಗಳನ್ನು ಚದರಿಸಿದ ದೇವರು ಒಬ್ಬ ಬಡ ಶಿಷ್ಯನ ಎರವಿನ ಕೊಡಲಿಯನ್ನು ಅಲ್ಪವೆಂದು ಎಣಿಸಲಿಲ್ಲ.

4. ಕಬ್ಬಿಣವು ಗುರುತಾಗಿರುವ ಸಂಗತಿಗಳು

(ಅ) ಐಗುಪ್ತವು ಕಬ್ಬಿಣ ಕರಗಿಸುವ ಕುಲುಮೆಯೆಂದು ಹೇಳಲ್ಪಟ್ಟಿದೆ (ಧರ್ಮೋಪದೇಶಕಾಂಡ 4:20). ಕುಲುಮೆಯಲ್ಲಿ ಬೆಂಕಿಯೂ ಉಂಟು, ಕಿಟ್ಟ ಬಿಟ್ಟುಹೋಗುವದೂ ಉಂಟು. ದಾಸತ್ವವು ಕಠಿನವಾಗಿತ್ತು; ಆದರೂ ದೇವರು ತನ್ನ ಜನರನ್ನು ಅದರೊಳಗಿಂದ ತನ್ನ ಸ್ವಂತಕ್ಕಾಗಿ ತೆಗೆದನು.

(ಆ) ಹನನ್ಯನು ಮರದ ನೊಗವನ್ನು ಮುರಿದಾಗ ಅದರ ಸ್ಥಳದಲ್ಲಿ ಕಬ್ಬಿಣದ ನೊಗವು ಬರುವದೆಂದು ಯೆರೆಮೀಯನು ತಿಳಿಸಿದನು (ಯೆರೆಮೀಯ 28). ದೇವರ ಶಿಕ್ಷೆಯನ್ನು ತಳ್ಳಿಬಿಟ್ಟವನಿಗೆ ಅದಕ್ಕಿಂತ ಭಾರವಾದದ್ದು ಬರುವದು.

(ಇ) ಯಜ್ಞವೇದಿಯ ಕಲ್ಲುಗಳಿಗೆ ಕಬ್ಬಿಣವನ್ನು ಮುಟ್ಟಿಸಬಾರದಾಗಿತ್ತು (ಧರ್ಮೋಪದೇಶಕಾಂಡ 27:5). ದೇವಾಲಯದ ಬಾಗಿಲುಗಳ ಮೊಳೆಗಳಿಗಾದರೋ ದಾವೀದನು ಬಹಳ ಕಬ್ಬಿಣವನ್ನು ಕೂಡಿಸಿಟ್ಟನು (1 ಪೂರ್ವಕಾಲವೃತ್ತಾಂತ 22:3). ಹೀಗಿರಲಾಗಿ ಕಬ್ಬಿಣವು ಅಶುದ್ಧವೆಂದಲ್ಲ. ಪಾಪಪರಿಹಾರದ ಸ್ಥಳದಲ್ಲಿ ಮನುಷ್ಯನ ಕೈಬಲಕ್ಕೆ ಎಡೆಯಿಲ್ಲವೆಂದೇ ತಾತ್ಪರ್ಯ.

(ಈ) ಯೆಹೂದದ ಪಾಪವು ಕಬ್ಬಿಣದ ಲೇಖನಿಯಿಂದ ಹೃದಯದಲ್ಲಿ ಕೊರೆದದೆಯೆಂದು ಯೆರೆಮೀಯನು ಹೇಳುತ್ತಾನೆ. ಮಸಿಯಲ್ಲಿ ಬರೆದದ್ದನ್ನು ತೊಳೆಯಬಹುದು. ಕಬ್ಬಿಣದಿಂದ ಕೊರೆದದ್ದನ್ನು ತೊಳೆಯುವದು ಹೇಗೆ?

5. ಮೊಳೆ

ಯೆರೂಸಲೇಮಿನ ಸಮೀಪದಲ್ಲಿ 1968ರಲ್ಲಿ ಒಂದು ಹಳೆಯ ಸಮಾಧಿಯು ತೆರೆಯಲ್ಪಟ್ಟಿತು. ರೋಮಾಯರ ಕಾಲದಲ್ಲಿ ಶಿಲುಬೆಗೇರಿಸಲ್ಪಟ್ಟ ಒಬ್ಬ ಮನುಷ್ಯನ ಹಿಮ್ಮಡಿಯ ಎಲುಬು ಅದರಲ್ಲಿತ್ತು. ಸುಮಾರು 11.5 ಸೆಂಟಿಮೀಟರು ಉದ್ದದ ಕಬ್ಬಿಣದ ಮೊಳೆಯು ಆ ಎಲುಬಿನಲ್ಲಿ ಇನ್ನೂ ನಾಟಿಕೊಂಡಿತ್ತು. ತುದಿಯು ಬಾಗಿದ್ದದರಿಂದ ಹೂಣಿಡುವವರು ಅದನ್ನು ಕೀಳಲಾರದೆ ಹೋಗಿದ್ದರು. ನಮ್ಮ ಕರ್ತನ ಕೈಗಳಲ್ಲಿ ತೋಮನು ನೋಡಬೇಕೆಂದು ಕೇಳಿದ ಗಾಯಗಳು ಇಂಥಾ ಮೊಳೆಗಳಿಂದಾದವು.

ನಮ್ಮ ಮೇಲಿದ್ದ ಸಾಲಪತ್ರವನ್ನು ದೇವರು ಶಿಲುಬೆಗೆ ಜಡಿದು ತೆಗೆದುಹಾಕಿದನೆಂದು ಅಪೊಸ್ತಲನಾದ ಪೌಲನು ಕೊಲೊಸ್ಸೆಯವರಿಗೆ ಬರೆದನು. ಕಬ್ಬಿಣದ ಲೇಖನಿಯು ಬರೆದದ್ದನ್ನು ಕಬ್ಬಿಣದ ಮೊಳೆಯು ರದ್ದುಮಾಡಿತು. ಸಾಲವೆಂದರೇನೆಂದು ಬಲ್ಲವರಿಗೆ ಇದಕ್ಕಿಂತ ಒಳ್ಳೇ ಸುವಾರ್ತೆ ಯಾವದು?

ಆದಕಾರಣ, ಪ್ರಿಯರೇ, ನೆರೆಯವನು ನಿಮ್ಮ ಗುದ್ದಲಿಯನ್ನು ಕಳೆದರೆ ಅವನನ್ನು ಹಿಂಡಬೇಡಿರಿ. ನೀವು ಎರವು ತಂದದ್ದನ್ನು ತಪ್ಪದೆ ಹಿಂದಕ್ಕೆ ಕೊಡಿರಿ. ನಿಮ್ಮ ಮನಸ್ಸನ್ನು ಹರಿತಮಾಡಿಸುವದಕ್ಕೆ ವೈರಿಯ ಕುಲುಮೆಗೆ ಇಳಿದುಹೋಗಬೇಡಿರಿ. ಹೆಂಡದಂಗಡಿಯಲ್ಲಿಯೂ ಬಡ್ಡಿಯವನ ಜಗಲಿಯಲ್ಲಿಯೂ ಸಿಕ್ಕುವ ಬುದ್ಧಿಗೆ ಕೂಲಿಯು ಬಹಳ. ಒಂದು ಕಬ್ಬಿಣವು ಇನ್ನೊಂದನ್ನು ಹರಿತಮಾಡುವಂತೆ ಸಭೆಯಲ್ಲಿ ಒಬ್ಬರನ್ನೊಬ್ಬರು ಎಚ್ಚರಿಸಿರಿ.

ಪ್ರಶ್ನೆಗಳು

1. ಫಿಲಿಷ್ಟಿಯರು ಇಸ್ರಾಯೇಲ್ಯರಿಗೆ ಕಮ್ಮಾರನಿಲ್ಲದ ಹಾಗೆ ಮಾಡಿದ್ದು ಯಾಕೆ?
2. ಕೊಡಲಿ ಕಳೆದುಕೊಂಡ ಶಿಷ್ಯನ ದುಃಖಕ್ಕೆ ವಿಶೇಷ ಕಾರಣವೇನು?
3. ಯಜ್ಞವೇದಿಯ ಕಲ್ಲಿಗೆ ಕಬ್ಬಿಣವು ತಾಗಬಾರದೆಂಬದರಿಂದ ಏನು ಕಲಿಯುತ್ತೇವೆ?
4. ನೀವು ಯಾರಿಗಾದರೂ ಹಿಂದಕ್ಕೆ ಕೊಡದಿರುವ ವಸ್ತು ಉಂಟೋ? ಈ ವಾರದಲ್ಲಿಯೇ ಕೊಟ್ಟುಬನ್ನಿರಿ.

ಕಂಠಪಾಠಕ್ಕೆ: ಜ್ಞಾನೋಕ್ತಿಗಳು 27:17.