ಆರೋಗ್ಯ: ನಮ್ಮ ಹೊಣೆಯೋ, ನಮ್ಮ ಹಕ್ಕೋ?

ಬಂಟ್ವಾಳ ತಾಲೂಕಿನ ಹಳ್ಳಿಯೊಂದರಿಂದ ಐವತ್ತೆರಡು ವರ್ಷದ ಕೂಲಿ ಕಾರ್ಮಿಕರೊಬ್ಬರನ್ನು ಮನೆಯವರು ಒಂದು ಬೆಳಿಗ್ಗೆ ರಿಕ್ಷಾದಲ್ಲಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಬಾಯಿ ಓರೆಯಾಗಿತ್ತು, ಮಾತು ತೊದಲುತ್ತಿತ್ತು. ರಕ್ತದೊತ್ತಡ 210/120 ಇತ್ತು. ಪಾರ್ಶ್ವವಾಯು ಎಂದು ಮೇಲ್ನೋಟಕ್ಕೇ ತಿಳಿಯುವಂತಿತ್ತು. ಹಿಂದಿನ ರಾತ್ರಿ ಊಟ ಮಾಡುವಾಗಲೇ ಕೈಯಿಂದ ತುತ್ತು ಜಾರಿತ್ತಂತೆ. ಬೆಳಗಾದರೆ ಸರಿಹೋದೀತು ಎಂದು ಕಾದಿದ್ದರು.

ಆಂಬುಲೆನ್ಸ್ ಬರುವವರೆಗೆ ತಾಯಿ ಮಗನ ನಡುವೆ ಮಾತು ಬೆಳೆಯಿತು.

"ಇದು ಅಪ್ಪ ತಾನಾಗಿಯೇ ತಂದುಕೊಂಡದ್ದು ಡಾಕ್ಟ್ರೇ. ಮಾತ್ರೆ ಬಿಟ್ಟು ಒಂದು ವರ್ಷವಾಯಿತು. ಹೇಳಿದರೆ ಕೇಳುವವರಲ್ಲ" ಎಂದ ಮಗ.

ಆ ತಾಯಿ ಬೀಡಿ ಕಟ್ಟುವವರು. "ಮಾತ್ರೆ ಬಿಟ್ಟದ್ದಲ್ಲ ಮಗಾ, ಮಾತ್ರೆ ಮುಗಿದದ್ದು. ನನ್ನ ಬೀಡಿಯ ದುಡ್ಡು ಅಕ್ಕಿಗಾಗಬೇಕೋ, ಮಾತ್ರೆಗಾಗಬೇಕೋ?" ಎಂದರು.

ನಾನು ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆರೋಗ್ಯವನ್ನು ಕಾಪಾಡಿಕೊಳ್ಳುವುದು ಅವರವರ ಹೊಣೆಯೇ? ಅಥವಾ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೇ? ಈ ವಾರ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ಕೈಯಲ್ಲಿರುವುದು

ಮಗನ ಮಾತಿನಲ್ಲಿ ಸತ್ಯವಿದೆ. ಅಧಿಕ ರಕ್ತದೊತ್ತಡ ನೋವು ಕೊಡುವ ಕಾಯಿಲೆಯಲ್ಲ. ತಲೆ ಸುತ್ತಲಿಲ್ಲ, ತಲೆ ನೋಯಲಿಲ್ಲ ಎಂದಮಾತ್ರಕ್ಕೆ ಒತ್ತಡ ಇಳಿದಿದೆ ಎಂದು ತಿಳಿಯಬಾರದು. ಮಾತ್ರೆ ನುಂಗುತ್ತಿರುವುದರಿಂದಲೇ ಒತ್ತಡ ಹತೋಟಿಯಲ್ಲಿರುತ್ತದೆ. "ಬಿ.ಪಿ. ನಾರ್ಮಲ್ ಆಯಿತಲ್ಲ" ಎಂದು ಮಾತ್ರೆ ನಿಲ್ಲಿಸಿದರೆ ಅದು ಸದ್ದಿಲ್ಲದೆ ಮತ್ತೆ ಏರುತ್ತದೆ. ವರ್ಷಗಟ್ಟಲೆ ಹಾಗೆಯೇ ಬಿಟ್ಟರೆ ಮಿದುಳು, ಹೃದಯ, ಮೂತ್ರಪಿಂಡ ಮತ್ತು ಕಣ್ಣಿನ ರಕ್ತನಾಳಗಳು ಕೆಡುತ್ತವೆ.

ನಮ್ಮ ಊಟವನ್ನೂ ಗಮನಿಸಿ. ಕುಚ್ಚಲಕ್ಕಿ ಗಂಜಿ ಒಳ್ಳೆಯ ಆಹಾರ. ಆದರೆ ಅದರ ಜೊತೆಗೆ ದಿನವೂ ಉಪ್ಪಿನಕಾಯಿ, ಒಣಮೀನು, ಹಪ್ಪಳ ಸೇರಿದರೆ ಉಪ್ಪು ಮಿತಿ ಮೀರುತ್ತದೆ. ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಬೀಡಿ, ಸಾರಾಯಿ ಇವುಗಳನ್ನು ಬಿಡುವ ಕೆಲಸವನ್ನು ನಮಗಾಗಿ ಬೇರೆ ಯಾರೂ ಮಾಡಲಾರರು.

ಮಳೆಗಾಲದ ಡೆಂಗೆ ಜ್ವರವೂ ಹೀಗೆಯೇ. ಬೆಳ್ತಂಗಡಿಯ ರಬ್ಬರ್ ತೋಟಗಳಲ್ಲಿ ಹಾಲು ಹಿಡಿಯುವ ಚಿಪ್ಪುಗಳು, ಅಡಿಕೆ ತೋಟದಲ್ಲಿ ಬಿದ್ದ ಹಾಳೆಗಳು, ಮನೆಯ ಹಿಂದೆ ಎಸೆದ ಗೆರಟೆ ಮತ್ತು ಟಯರುಗಳಲ್ಲಿ ನಿಂತ ನೀರಿನಲ್ಲೇ ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಆ ನೀರನ್ನು ಚೆಲ್ಲುವುದಕ್ಕೆ ಸರಕಾರದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ.

ನಮ್ಮ ಕೈ ಮೀರಿದ್ದು

ಹಾಗಾದರೆ ಎಲ್ಲ ಕಾಯಿಲೆಯೂ ರೋಗಿಯ ತಪ್ಪೇ? ಹಾಗೆನ್ನುವವರು ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಕಡೆಗೆ ಒಮ್ಮೆ ಹೋಗಿಬರಬೇಕು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ 1982–83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಹಬ್ಬಿ ಅನೇಕರನ್ನು ಬಲಿ ತೆಗೆದುಕೊಂಡಿತು. ಇದು ಉಣ್ಣಿಯ ಕಡಿತದಿಂದ ಹರಡುವ ವೈರಸ್ ರೋಗ. ಗೇರು ತೋಟ ಮಾಡುವುದಕ್ಕಾಗಿ ದಟ್ಟ ಕಾಡನ್ನು ಕಡಿದದ್ದೇ ರೋಗ ಊರಿಗೆ ಇಳಿಯಲು ದಾರಿಯಾಯಿತೆಂದು ತಜ್ಞರು ಬರೆದಿದ್ದಾರೆ. ಕಾಡು ಕಡಿಯಬೇಕೆಂದು ತೀರ್ಮಾನಿಸಿದವರು ಬೇರೆ, ಕಾಯಿಲೆ ಬಿದ್ದವರು ಬೇರೆ.

ಅದೇ ಭಾಗದ ಗೇರು ತೋಟಗಳಿಗೆ ಮುಂದೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಣೆ ನಡೆಯಿತು. ಗೇರಿನ ಚಿಗುರು, ಹೂವುಗಳನ್ನು ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕಾಗಿ ಆ ಸಿಂಪಡಣೆ. ಗಡಿಯಾಚೆ ಕಾಸರಗೋಡಿನ ಗೇರು ತೋಟಗಳಲ್ಲೂ ಇದೇ ಆಯಿತು. ಈ ವಿಷ ನರಮಂಡಲದ ಮೇಲೆ ಕೆಲಸ ಮಾಡುತ್ತದೆ. ಮೇಲಿನಿಂದ ಬಿದ್ದ ಮಂಜು ತೋಟದ ಬೇಲಿಯೊಳಗೆ ನಿಲ್ಲುವುದಿಲ್ಲ. ಬಾವಿಗೆ, ತೋಡಿಗೆ, ಹುಲ್ಲಿಗೆ, ಅಂಗಳಕ್ಕೆ ಬೀಳುತ್ತದೆ.

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕನ್ನಡ, ತುಳು ಆಡುವ ಜನರ ನಡುವೆ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಒಂದು ಸಂಗತಿಯನ್ನು ಗಮನಿಸಿದರು. ಅಷ್ಟು ಸಣ್ಣ ಊರಿನಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬರುವ ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚು ಕಾಣುತ್ತಿದ್ದವು. ಊರಿನಲ್ಲಿ ಇದನ್ನು ದೈವದ ಮುನಿಸು ಎಂದು ತಿಳಿದವರಿದ್ದರು. ಪತ್ರಕರ್ತ ಶ್ರೀ ಪಡ್ರೆಯವರು ಇದನ್ನು ಹೊರಜಗತ್ತಿಗೆ ತಿಳಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಬೇರೊಂದು ಊರಿನ ಮಕ್ಕಳ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಪಡ್ರೆಯ ಗಂಡುಮಕ್ಕಳಲ್ಲಿ ಪ್ರೌಢಾವಸ್ಥೆ ತಡವಾಗಿ ಬರುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು.

ಕೊಕ್ಕಡದ ಸಂತ್ರಸ್ತರು ಬೀದಿಗಿಳಿದು ಹೋರಾಡಿದ ಮೇಲೆ ಪರಿಹಾರ, ಮಾಸಾಶನ, ಪಾಲನಾ ಕೇಂದ್ರಗಳು ಬಂದವು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಈಗ ಯೋಚಿಸಿ. ಹಾಸಿಗೆ ಬಿಟ್ಟು ಏಳಲಾರದ ಮಗುವನ್ನು ಇಪ್ಪತ್ತೈದು ವರ್ಷ ಎತ್ತಿ ಸ್ನಾನ ಮಾಡಿಸಿದ ತಾಯಿಗೆ "ಆರೋಗ್ಯ ನಿನ್ನ ಹೊಣೆ" ಎನ್ನಲು ನಮಗೆ ನಾಲಗೆ ಬಂದೀತೇ? ಯಾವ ಪಥ್ಯ, ಯಾವ ವ್ಯಾಯಾಮ ಆ ಮಗುವನ್ನು ಉಳಿಸುತ್ತಿತ್ತು?

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಆರೋಗ್ಯ ಎಂಬ ಪದ ಪ್ರತ್ಯೇಕವಾಗಿ ಇಲ್ಲ. ಸಾರ್ವಜನಿಕ ಆರೋಗ್ಯವನ್ನು ಉತ್ತಮಗೊಳಿಸುವುದು ರಾಜ್ಯದ ಕರ್ತವ್ಯ ಎಂದು 47ನೇ ವಿಧಿ ಹೇಳುತ್ತದೆ. 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಚಿಕಿತ್ಸೆಯೂ ಸೇರಿದೆ ಎಂದು ನ್ಯಾಯಾಲಯಗಳು ವಿವರಿಸಿವೆ. 1989ರಲ್ಲಿ ಸುಪ್ರೀಂ ಕೋರ್ಟು, ಪೊಲೀಸರ ಕಾಗದಪತ್ರಕ್ಕಾಗಿ ಕಾಯದೆ ಗಾಯಾಳುವಿನ ಜೀವ ಉಳಿಸುವುದೇ ಪ್ರತಿಯೊಬ್ಬ ವೈದ್ಯನ ಮೊದಲ ಕೆಲಸ ಎಂದಿತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ ಎಂದು ಹಿಂದೆ ಕಳುಹಿಸಿದ್ದವು. ಅದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ಅದೇ ನ್ಯಾಯಾಲಯ ತೀರ್ಪು ನೀಡಿತು.

ನಮ್ಮ ರಾಜ್ಯದಲ್ಲಿ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯಾಯಿತು. ಅದರಂತೆ ತುರ್ತು ಚಿಕಿತ್ಸೆ ಕೊಡುವ ಮುನ್ನ ಮುಂಗಡ ಹಣಕ್ಕೆ ಪಟ್ಟುಹಿಡಿಯುವಂತಿಲ್ಲ. ಬಾಕಿ ಹಣದ ಕಾರಣಕ್ಕೆ ಮೃತದೇಹವನ್ನು ಇಟ್ಟುಕೊಳ್ಳುವಂತಿಲ್ಲ. ದೂರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು.

ಈ ಯಾವ ತೀರ್ಪಿನಲ್ಲೂ, ಯಾವ ಕಾಯ್ದೆಯಲ್ಲೂ "ತಪ್ಪು ಮಾಡದ ರೋಗಿಗೆ ಮಾತ್ರ" ಎಂಬ ಷರತ್ತಿಲ್ಲ ಎಂಬುದನ್ನು ಗಮನಿಸಬೇಕು. ಹೆಲ್ಮೆಟ್ ಹಾಕದೆ ಬಿದ್ದವನ ತಲೆಯ ಗಾಯವನ್ನೂ ನಾವು ಹೊಲಿಯುತ್ತೇವೆ. ಬುದ್ಧಿ ಹೇಳುವುದು ಆಮೇಲಿನ ಕೆಲಸ.

ತಾಯಿಯ ಪ್ರಶ್ನೆಗೆ ಉತ್ತರ

ಮತ್ತೆ ಆ ಬೆಳಗಿಗೆ ಬರೋಣ. ರೋಗಿಯ ಮನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಇತ್ತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂತಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಯೋಜನೆಯ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಅಂದರೆ ಪಾರ್ಶ್ವವಾಯು ಬಂದ ಮೇಲಿನ ಖರ್ಚಿಗೆ ಅವರಿಗೆ ಹಕ್ಕಿತ್ತು. ಆದರೆ ಆಸ್ಪತ್ರೆಗೆ ಸೇರಿದ ಮೇಲಿನ ಈ ನೆರವು ಮನೆಯಲ್ಲಿ ದಿನವೂ ನುಂಗುವ ಮಾತ್ರೆಗೆ ಬರುವುದಿಲ್ಲ.

ಹಾಗಾದರೆ ಮಾತ್ರೆಗೆ ದಾರಿಯಿರಲಿಲ್ಲವೇ? ಇತ್ತು. ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಿಹಿಮೂತ್ರದ ತಪಾಸಣೆ ಉಚಿತ, ಮಾತ್ರೆಯೂ ಉಚಿತ. 2010ರಿಂದ ಇದಕ್ಕಾಗಿಯೇ ರಾಷ್ಟ್ರೀಯ ಕಾರ್ಯಕ್ರಮವಿದೆ. ಆ ಮನೆಯವರಿಗೆ ಇದು ಗೊತ್ತಿರಲಿಲ್ಲ. ಹೇಳಬೇಕಾದ ನಾನು ಹೇಳಿರಲಿಲ್ಲ. ಎರಡು ವರ್ಷಗಳ ಹಿಂದೆ ಅವರಿಗೆ ಆ ಮಾತ್ರೆಯ ಚೀಟಿ ಬರೆದುಕೊಟ್ಟವನು ನಾನೇ. "ಜೀವನಪೂರ್ತಿ ತೆಗೆದುಕೊಳ್ಳಿ, ಬಿಡಬೇಡಿ" ಎಂದು ಗಟ್ಟಿಯಾಗಿ ಹೇಳಿದ್ದೆ. ಪ್ರತಿ ತಿಂಗಳು ಕೊಳ್ಳಲು ಆಗುತ್ತದೆಯೇ ಎಂದು ಕೇಳಿರಲಿಲ್ಲ. ಕೇಳಲು ಒಂದು ನಿಮಿಷ ಸಾಕಿತ್ತು.

ಆದುದರಿಂದ ನನಗೆ ತೋರುವುದು ಇಷ್ಟು: ಮಾತ್ರೆ ನುಂಗುವುದು ರೋಗಿಯ ಹೊಣೆ, ಆ ಮಾತ್ರೆ ಅವನ ಕೈಗೆಟುಕುವಂತೆ ಮಾಡುವುದು ಸಮಾಜದ ಹೊಣೆ, ಅದು ಎಲ್ಲಿ ಸಿಗುತ್ತದೆಂದು ತಿಳಿಸುವುದು ವೈದ್ಯನ ಹೊಣೆ. ಮೂರರಲ್ಲಿ ಒಂದು ತಪ್ಪಿದರೂ ಬಿದ್ದುಹೋಗುವುದು ಬಡವನ ಕೈಕಾಲು. ಹಕ್ಕು ಮತ್ತು ಹೊಣೆ ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು.

ನಮ್ಮ ಸೀಮೆಗೆ ಇದು ಹೊಸ ವಿಚಾರವೇನಲ್ಲ. 2003ರಲ್ಲಿ ಸಹಕಾರಿ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ, 2004ರಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಪೂರ್ಣ ಸುರಕ್ಷಾ ಆರಂಭವಾದಾಗ ಸಾವಿರಾರು ಮನೆಗಳು ಸಣ್ಣ ಸಣ್ಣ ಮೊತ್ತ ಕೂಡಿಸಿ ಯಾರೋ ಒಬ್ಬರ ಶಸ್ತ್ರಚಿಕಿತ್ಸೆಗೆ ನೆರವಾದವು. ಈ ವರ್ಷ ಕಾಯಿಲೆ ಬಾರದವನ ಹಣ ವ್ಯರ್ಥವಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಮುಂದಿನ ವರ್ಷ ಸರದಿ ಯಾರದೆಂದು ಬಲ್ಲವರಿಲ್ಲ.

ನೀವು ಮಾಡಬೇಕಾದುದು

1. ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ.

2. ಮಾತ್ರೆಗೆ ಹಣ ಸಾಲದಿದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಜನೌಷಧಿ ಅಂಗಡಿಗಳಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

3. ಬಾಯಿ ಓರೆಯಾದರೆ, ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ರಕ್ತನಾಳ ಕಟ್ಟಿ ಬರುವ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಮಿದುಳಿನ ಸ್ಕ್ಯಾನ್ ಮಾಡಿದ ಮೇಲೆ ಕೊಡಬೇಕು. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ದಾರಿಯಿದೆ ಎಂಬುದು ನೆನಪಿರಲಿ. ಸ್ಕ್ಯಾನ್ ಇಲ್ಲದ ಕಡೆ ನಿಂತು ಹೊತ್ತು ಕಳೆಯಬೇಡಿ.

4. ಪಡಿತರ ಚೀಟಿ, ಆಧಾರ್, ಆರೋಗ್ಯ ಕಾರ್ಡು ಮತ್ತು ಹಳೆಯ ಔಷಧ ಚೀಟಿಗಳನ್ನು ಒಂದೇ ಚೀಲದಲ್ಲಿಡಿ. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಸಂದರ್ಭದಲ್ಲಿ ಅದಕ್ಕಾಗಿ ಕಾಯಬೇಕಿಲ್ಲ.

5. ಚಿನ್ನ ಅಡವಿಡುವ ಮೊದಲು ಸರಕಾರಿ ಆಸ್ಪತ್ರೆಯಲ್ಲಿ ಏನು ಸಿಗುತ್ತದೆಂದು ತಿಳಿದುಕೊಳ್ಳಿ. 1848ರಲ್ಲಿ ಆರಂಭವಾದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ನಮ್ಮೆಲ್ಲರ ಜಿಲ್ಲಾಸ್ಪತ್ರೆ.

ಆ ರೋಗಿ ಬದುಕಿ ಉಳಿದರು. ಕೋಲೂರಿ ನಡೆಯುತ್ತಾರೆ, ಆದರೆ ದುಡಿಯಲಾರರು. ಅವರ ಮಾತ್ರೆಯನ್ನು ಈಗ ಹೆಂಡತಿ ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಿಂದ ತರುತ್ತಾರೆ. ಬೀಡಿ ಕಟ್ಟುವ ಮೊರದ ಪಕ್ಕದಲ್ಲೇ ಮಾತ್ರೆಯ ಡಬ್ಬಿ ಇಟ್ಟುಕೊಂಡು ದಿನವೂ ತಾವೇ ಎಣಿಸಿ ಕೊಡುತ್ತಾರಂತೆ. ನಾನೂ ಈಗ ಚೀಟಿ ಬರೆಯುವ ಮುನ್ನ ಒಂದು ಪ್ರಶ್ನೆ ಹೆಚ್ಚಾಗಿ ಕೇಳುತ್ತೇನೆ: "ಇದನ್ನು ಪ್ರತಿ ತಿಂಗಳು ಕೊಳ್ಳಲು ನಿಮ್ಮಿಂದ ಆದೀತೇ?" ನಿಮ್ಮ ವೈದ್ಯರು ಕೇಳದಿದ್ದರೆ ನೀವೇ ಹೇಳಿಬಿಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.