ಬಿಂದು ಒಳಗೆ ಹೋದರೆ?

ತಂಗಿ, ಮುಂದಿನ ತಿಂಗಳು ಯಡ್ರಾಮಿಯ ಹೈಸ್ಕೂಲಿಗೆ ಬಿ.ಎಡ್. ಇಂಟರ್ನ್‌ಶಿಪ್ಪಿಗೆ ಬರುತ್ತೀಯೆಂದು ನಿಮ್ಮಪ್ಪ ಸಂತೆಯಲ್ಲಿ ಸಿಕ್ಕಾಗ ಹೇಳಿದ. “ಕಂಪ್ಯೂಟರಿನ್ಯಾಗ ಭಾಳ ಹುಷಾರ್ ಅದಾಳ್ರೀ, ಈಗಲೇ ಎಲ್ಲಾ ಪಾಠಕ್ಕೂ ಪಿಪಿಟಿ ಮಾಡಿ ಇಟ್ಕೊಂಡಾಳ” ಅಂದ. ಅವನ ಖುಷಿ ನೋಡಿ ನನಗೂ ಖುಷಿಯಾಯಿತು. ಆದರೆ ಇದೇ ಸೀಮೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿದವನು ನಾನು. ಪಿಪಿಟಿ ಎಂಬ ಮಾತು ಕಿವಿಗೆ ಬಿದ್ದರೆ ಒಬ್ಬ ಹುಡುಗನ ನೆನಪಾಗುತ್ತದೆ. ಅದನ್ನು ನಿನಗೆ ಹೇಳಿಯೇಬಿಡುತ್ತೇನೆ.

ನನ್ನ ನೌಕರಿಯ ಕೊನೆಯ ವರ್ಷಗಳ ಮಾತು. ನಿನ್ನಂತೆಯೇ ಒಬ್ಬ ಪ್ರಶಿಕ್ಷಣಾರ್ಥಿ ನಮ್ಮ ಸಾಲಿಗೆ ಬಂದಿದ್ದ, ಒಳ್ಳೆಯ ಹುಡುಗ. ಹತ್ತನೇ ತರಗತಿಗೆ ವೃತ್ತದ ಪಾಠ. ಬಾಹ್ಯ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಎಂಬ ಪ್ರಮೇಯ. ಎಲ್ಲಿಂದಲೋ ಇಳಿಸಿಕೊಂಡ ವಿಡಿಯೊ ಹಾಕಿದ. ಬಣ್ಣಬಣ್ಣದ ಗೆರೆಗಳು, ಹಿಂದೆ ಸಂಗೀತ. ಮಕ್ಕಳು ಬಾಯಿ ಬಿಟ್ಟು ನೋಡಿದವು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಸರ್, ಆ ಬಿಂದು ವೃತ್ತದ ಒಳಗ ಹೋದ್ರ?”

ಮಾಸ್ತರ ಪರದೆ ನೋಡಿದ. ವಿಡಿಯೊ ತನ್ನ ಪಾಡಿಗೆ ಓಡುತ್ತಿತ್ತು. “ಅದು ಪರೀಕ್ಷಾಕ ಬರಂಗಿಲ್ಲ, ಕೂಡು” ಅಂದುಬಿಟ್ಟ. ಮಾರ್ಗದರ್ಶಕ ಶಿಕ್ಷಕನಾಗಿ ಹಿಂದೆ ಕೂತಿದ್ದ ನಾನು ಅವನ ಪಾಠವಹಿಯಲ್ಲಿ ಏನು ಬರೆದೆ ಗೊತ್ತೇ? “ತಂತ್ರಜ್ಞಾನದ ಬಳಕೆ ಉತ್ತಮ.” ತಪ್ಪು ಅವನಿಗಿಂತ ನನ್ನದೇ ದೊಡ್ಡದು. ಅಂದು ಆ ಖೋಲಿಯಲ್ಲಿ ಕೇಳಬಂದ ಅತಿ ಒಳ್ಳೆಯ ಗಣಿತದ ಮಾತು ಆ ಹುಡುಗನ ಪ್ರಶ್ನೆ. ಅದಕ್ಕೆ ಅಂಕವೂ ಇಲ್ಲ, ಉತ್ತರವೂ ಇಲ್ಲ.

ಅದೇ ಪಾಠವನ್ನು ಜಿಯೋಜೀಬ್ರಾದಲ್ಲಿ ಮಾಡಿ ನೋಡು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ತಂತ್ರಾಂಶ ಅದು. ರೊಕ್ಕ ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ನೆಟ್ಟೂ ಬೇಕಿಲ್ಲ. ಒಂದು ವೃತ್ತ, ಹೊರಗೊಂದು ಬಿಂದು, ಎರಡು ಸ್ಪರ್ಶಕ. ನೀನು ಮೌಸ್ ಮುಟ್ಟಬೇಡ, ಒಬ್ಬ ಹುಡುಗಿಯನ್ನು ಕರೆ. ಬಿಂದುವನ್ನು ಸರಿಸುವುದಕ್ಕೆ ಮೊದಲು ತರಗತಿಯನ್ನು ಕೇಳು: “ಬಿಂದು ಹತ್ತಿರ ಬಂದರೆ ನಡುವಿನ ಕೋನ ದೊಡ್ಡದಾಗುತ್ತದೋ, ಸಣ್ಣದಾಗುತ್ತದೋ?” ಜಗಳ ಹತ್ತಲಿ. ಆಮೇಲೆ ಸರಿಸಲಿ. ಕೇಂದ್ರದಿಂದ ಬಿಂದುವಿಗಿರುವ ದೂರ ತ್ರಿಜ್ಯದ ಎರಡು ಪಟ್ಟಾದಾಗ ಕೋನ ಸರಿಯಾಗಿ 60 ಡಿಗ್ರಿ. ಯಾಕೆ ಹಾಗೆ? ಅದನ್ನು ಸಾಧಿಸಲು ಮತ್ತೆ ಕರಿಹಲಗೆಗೇ ಬರಬೇಕು, ಬರಲಿ. ಬಿಂದು ವೃತ್ತದ ಮೇಲೇ ಬಂತೆಂದರೆ ಎರಡು ಗೆರೆ ಸೇರಿ ಒಂದೇ ಸ್ಪರ್ಶಕ. ಕೂದಲೆಳೆಯಷ್ಟು ಒಳಗೆ ಸರಿದರೂ ಗೆರೆಗಳು ಮಾಯ. ಹಿಂದಿನ ಬೆಂಚಿನ ಹುಡುಗ ಕೇಳಿದ್ದು ಇದನ್ನೇ. ವಿಡಿಯೊ ತಾನು ಮೊದಲೇ ಗಟ್ಟಿ ಮಾಡಿದ ಮಾತನ್ನಷ್ಟೇ ಆಡುತ್ತದೆ. ಇಲ್ಲಿ ಹುಡುಗ ಕೇಳಿದ ಮಾತಿಗೆ ಯಂತ್ರ ಉತ್ತರ ಕೊಡಬೇಕಾಗುತ್ತದೆ.

ನಿಮ್ಮ ಬಿ.ಎಡ್. ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ವಿಷಯಜ್ಞಾನ, ಬೋಧನಾಜ್ಞಾನ, ತಂತ್ರಜ್ಞಾನ ಮೂರೂ ಹೆಣೆದಿರಬೇಕೆಂದು ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಬರೆದರು. ಪರೀಕ್ಷೆಗೆ ಅವರ ಮೂರು ವೃತ್ತಗಳ ಚಿತ್ರವನ್ನು ಬಿಡಿಸುತ್ತೀ, ಬಿಡಿಸು. ಆದರೆ ಹಗ್ಗ ಹೊಸೆಯುವವರನ್ನು ಕಂಡಿದ್ದೀಯಲ್ಲ, ಒಂದೆಳೆ ಸಡಿಲಾದರೂ ಎತ್ತು ಹರಿದುಕೊಂಡು ಹೋಗುತ್ತದೆ. ಆ ಪ್ರಶಿಕ್ಷಣಾರ್ಥಿಗೆ ಸಡಿಲಾದದ್ದು ಕಂಪ್ಯೂಟರಿನ ಎಳೆಯಲ್ಲ.

ಕಂಪ್ಯೂಟರು ಈ ಭಾಗದ ಸಾಲಿಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಸರಕಾರದ ಮಾಹಿತಿ ಸಿಂಧು ಯೋಜನೆ ಬಂತು, ಐಸಿಟಿ ಯೋಜನೆಯ ಹಂತಗಳು ಬಂದವು. ಕಂಪನಿಯವರೇ ಯಂತ್ರ ತಂದಿಟ್ಟು, ಕಲಿಸಲು ತಮ್ಮವರನ್ನೇ ಕಳಿಸುತ್ತಿದ್ದರು. ಗಣಿತದ ಮಾಸ್ತರ, ವಿಜ್ಞಾನದ ಬಾಯಿ ಆ ಖೋಲಿಗೆ ಕಾಲಿಡುತ್ತಿರಲಿಲ್ಲ. “ಅದು ಕಂಪ್ಯೂಟರ್ ಸರ್ ಕೆಲಸ”. ಒಪ್ಪಂದದ ವರ್ಷಗಳು ಮುಗಿದವು, ಕಲಿಸುವವರು ಮನೆಗೆ ಹೋದರು, ಯಂತ್ರಗಳು ಉಳಿದವು. ನಾನಿದ್ದ ಒಂದು ಸಾಲಿಯಲ್ಲಿ ಅವುಗಳ ಮೇಲೆ ಹೊದಿಸಿದ ಬಟ್ಟೆ ಪ್ರತಿ ವರ್ಷ ಒಗೆಯುತ್ತಿದ್ದೆವು, ಗುಂಡಿ ಮಾತ್ರ ಒತ್ತುತ್ತಿರಲಿಲ್ಲ. 2016-17ರಲ್ಲಿ ತಂತ್ರಜ್ಞಾನದ ನೆರವಿನ ಕಲಿಕೆಯ ಯೋಜನೆ ಟಾಲ್ಪ್ ಶುರುವಾದ ಮೇಲೆ ವಿಷಯ ಶಿಕ್ಷಕರೇ ಕಲಿತು ಕಲಿಸಬೇಕೆಂದಾಯಿತು. ಅಷ್ಟು ಮಟ್ಟಿಗೆ ಸರಕಾರಕ್ಕೆ ಬುದ್ಧಿ ಬಂತು. ಅದಕ್ಕೂ ಮೊದಲೇ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಹೈಸ್ಕೂಲು ಶಿಕ್ಷಕರ ಕೈಯಲ್ಲೇ ಪಾಠಸಾಮಗ್ರಿ ಬರೆಸಿ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟವು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು. ಅದನ್ನು ತೆರೆದು ನೋಡು. ನಿನ್ನಂಥವರೇ ಬರೆದದ್ದು.

ಇನ್ನು ಭಾಷೆ. ನಮ್ಮಜ್ಜ ನಿಜಾಮನ ಕಾಲದವನು. ಸಾಲಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಸಾಯುವವರೆಗೂ ಮಗ್ಗಿ ಬಾಯಿಗೆ ಬರುತ್ತಿದ್ದದ್ದು ಉರ್ದುವಿನಲ್ಲೇ. ಆದರೆ ತೊಗರಿ ರಾಶಿಯ ಲೆಕ್ಕ ಬಿದ್ದರೆ ಕನ್ನಡದಲ್ಲೇ ಬೆರಳೆಣಿಸುತ್ತಿದ್ದ. ಕಲಿತದ್ದು ಒಂದು ಕಡೆ, ಬದುಕು ಒಂದು ಕಡೆ. 1948ರಲ್ಲಿ ನಿಜಾಮನ ಆಳಿಕೆ ಮುಗಿದ ಮೇಲೆ ಆ ಕಾಟ ಹೋಯಿತೆಂದುಕೊಂಡೆವು. ಈಗ ಪರದೆಯ ಮೇಲೆ ಇಂಗ್ಲಿಷಿನ ವಿಡಿಯೊ ಹಾಕಿ, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಅರ್ಥ ಹೇಳುವ ಮಾಸ್ತರನನ್ನು ಕಂಡರೆ ಅಜ್ಜ ನೆನಪಾಗುತ್ತಾನೆ.

ಆದ್ದರಿಂದ ಬೇರೆ ಏನು ಕಲಿಯದಿದ್ದರೂ ಸರಿ, ಕನ್ನಡ ಟೈಪಿಂಗ್ ಕಲಿ. ಹತ್ತು ಬೆರಳಿನಲ್ಲಿ ಕಲಿ. ಕೆ. ಪಿ. ರಾಯರು ಮಾಡಿಕೊಟ್ಟ ಕೀಲಿಮಣೆ ವಿನ್ಯಾಸ ಕೈಗೆ ಕೂರಲು ದಿನಕ್ಕೆ ಅರ್ಧ ತಾಸಿನಂತೆ ಎರಡು ವಾರ ಸಾಕು. ಕೆ ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ಇಷ್ಟು ಸರಳ. ಆದರೆ ಬರೆಯುವುದನ್ನು ಯುನಿಕೋಡಿನಲ್ಲೇ ಬರೆ. ಹಳೆಯ ಫಾಂಟಿನಲ್ಲಿ ಬರೆದ ಪಾಠಯೋಜನೆ ನಿಮ್ಮ ಕಾಲೇಜಿನ ಯಂತ್ರದಲ್ಲಿ ಚಂದ ಕಾಣುತ್ತದೆ, ಮಕ್ಕಳ ಮನೆಯ ಫೋನಿಗೆ ಹೋದರೆ ಇರುವೆ ಹರಿದಾಡಿದಂತೆ ಕಾಣುತ್ತದೆ. ನಾನು ಒಂದು ವರ್ಷ ಬರೆದಿಟ್ಟ ಪ್ರಶ್ನೆಗಳೆಲ್ಲ ಹೀಗೇ ಹಾಳಾದವು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಇಲ್ಲಿ ದಸರಾ ದಾಟಿದ ಮೇಲೆ ಹಾಜರಿ ಪುಸ್ತಕ ನೋಡಬೇಕು ನೀನು. ಹತ್ತಿ ಬಿಡಿಸಲು ಹೋದವರು, ತಾಯಿ ತಂದೆ ಜೊತೆ ಬೆಂಗಳೂರಿಗೆ ದುಡಿಯಲು ಹೋದವರು. ತಿಂಗಳು ಬಿಟ್ಟು ಬಂದ ಮಗುವಿಗೆ ಸ್ಮಾರ್ಟ್ ತರಗತಿಯಿಂದ ಏನೂ ಸಿಗುವುದಿಲ್ಲ. ನಿನ್ನ ದನಿಯಲ್ಲಿ ಮೂರು ನಿಮಿಷದ ಮಾತು, ನೀನು ಬರೆದ ಒಂದು ಪುಟ ಕನ್ನಡ, ಎರಡು ಬಿಡಿಸಿದ ಲೆಕ್ಕ. ಅದು ಅಪ್ಪನ ಫೋನಿನಲ್ಲಿ ರಾತ್ರಿ ಊಟವಾದ ಮೇಲೆ ತೆರೆದುಕೊಳ್ಳುತ್ತದೆ. ಹಗಲು ಹೊತ್ತು ಆ ಫೋನು ಹೊಲದಲ್ಲಿರುತ್ತದೆ ಎಂಬುದನ್ನು ಮರೆಯಬೇಡ. 2020ರಲ್ಲಿ ಸಾಲಿ ಮುಚ್ಚಿದಾಗ ಇದನ್ನು ನಾವು ಕಣ್ಣಾರೆ ಕಂಡೆವು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು. ಆದರೂ ವಿದ್ಯಾಗಮ ಯೋಜನೆಯ ಹೆಸರಿನಲ್ಲಿ ಗುಡಿ ಕಟ್ಟೆಗೆ ಬಂದು ಕೂತ ಮಾಸ್ತರರನ್ನೇ ಮಕ್ಕಳು ಹುಡುಕಿಕೊಂಡು ಬಂದರು. ಪಠ್ಯಪುಸ್ತಕದ ಕ್ಯೂಆರ್ ಕೋಡ್, ದೀಕ್ಷಾ ಆ್ಯಪ್ ಬಳಸು, ಬೇಡವೆನ್ನುವುದಿಲ್ಲ; ಕಲಬುರಗಿ ಬಿಡುವ ಮೊದಲೇ ಇಳಿಸಿಕೊಂಡಿರು.

ಕರೆಂಟಿನ ಮಾತು ಬೇರೆ ಹೇಳಬೇಕೇ? ಯಡ್ರಾಮಿ ಜೇವರ್ಗಿಯಿಂದ ಬೇರೆಯಾಗಿ 2018ರಲ್ಲಿ ತಾಲ್ಲೂಕಾಯಿತು, ಕರೆಂಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಿನ್ನ ಪಾಠ ನೋಡಲು ಕಾಲೇಜಿನವರು ಬಂದ ದಿನವೇ ಹೋಗುತ್ತದೆ, ಬರೆದಿಟ್ಟುಕೋ. ಹಾಗಂತ ನಿಂತಲ್ಲೇ ನಿಲ್ಲಬೇಡ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗು. ಒಂದು ಹಳೆಯ ಸೈಕಲ್ ಟೈರು ನೆಲಕ್ಕೆ ಹಾಕು, ದೂರದಲ್ಲಿ ಒಂದು ಗೂಟ ಹೊಡೆ. ಗೂಟದಿಂದ ಎರಡು ಹುರಿ ಬಿಗಿಯಾಗಿ ಎಳೆದು ಟೈರಿನ ಎರಡೂ ಮಗ್ಗುಲಿಗೆ ಮುಟ್ಟಿಸಿ, ಮುಟ್ಟಿದಲ್ಲಿ ಸುಣ್ಣದ ಗುರುತು ಮಾಡಿಸಿ ಅಳೆಸು. ಎರಡೂ ಸಮ. ಗೂಟ ಕಿತ್ತು ಹತ್ತಿರ ಹೊಡೆ, ಮತ್ತೆ ಅಳೆಸು. ಕೊನೆಗೆ ಗೂಟವನ್ನು ಟೈರಿನ ಒಳಗೇ ಹೊಡೆದು, “ಈಗ ಮುಟ್ಟಿಸಿ ತೋರಿಸ್ರಿ” ಅನ್ನು. ಯಾವ ದಿಕ್ಕಿಗೆ ಎಳೆದರೂ ಹುರಿ ಟೈರನ್ನು ದಾಟಿಯೇ ಹೋಗುತ್ತದೆ. ಕರೆಂಟು ಬಂದ ಮೇಲೆ ಅದನ್ನೇ ಪರದೆಯ ಮೇಲೆ ಮಾಡಿಸು. ಅಂಗಳದಲ್ಲಿ ಕೈಯಾಡಿಸಿದ ಮಗು ಮೌಸ್ ಹಿಡಿದು ನಿನಗಿಂತ ಮುಂದೆ ಹೋಗುತ್ತದೆ.

ಅಂಕ ಕೊಡುವವರಿಗೆ ಇದೆಲ್ಲ ಹಿಡಿಸುವುದೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಇಂಟರ್ನ್‌ಶಿಪ್ಪಿನ 16 ವಾರದಲ್ಲಿ ಇಂಥ ಎರಡು ಪಾಠ ನಿನ್ನದೇ ಕೈಯಿಂದ ಆದರೆ ನನಗೆ ಸಾಕು. ಮೊದಲ ಪಾಠದ ದಿನ ಒಂದು ಮಾತು ಹೇಳಿ ಕಳಿಸು, ನಾನೂ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತೇನೆ. ಬರುವಾಗ ನಾಲ್ಕು ಮಾರು ಹುರಿ ತಗೊಂಡು ಬಾ. ಟೈರು ನಾನು ಹುಡುಕಿ ಇಟ್ಟಿರುತ್ತೇನೆ.