ಕಾಲೇಜನ್ನು ಆರಿಸಿಕೊಳ್ಳುವ ವಿಷಯವಾದ ಪಾಠ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮೇಲೆ ನಾಗಲಮಡಿಕೆಯ ಸುತ್ತಮುತ್ತಲಿನ ಮನೆಗಳಲ್ಲಿ ಮೂರು ವಿಧವಾದ ಮಾತುಗಳು ಕೇಳಬರುತ್ತವೆ. "ಹುಡುಗನು ಪಾಸಾದನು, ಇನ್ನು ಬೆಂಗಳೂರಿಗೇ ಕಳುಹಿಸಬೇಕು" ಎಂದು ಒಬ್ಬರು. "ನೆಂಟರ ಮಗನು ಸೇರಿದ ಕಾಲೇಜಿಗೇ ಇವನನ್ನೂ ಸೇರಿಸೋಣ" ಎಂದು ಇನ್ನೊಬ್ಬರು. "ಹೆಣ್ಣುಮಗಳಿಗೆ ಇಷ್ಟು ಓದು ಸಾಕು" ಎಂದು ಮತ್ತೊಬ್ಬರು. ಈ ಮೂರು ಮಾತುಗಳಲ್ಲಿಯೂ ಒಂದೇ ಕೊರತೆಯುಂಟು. ಏನಂದರೆ, ಓದತಕ್ಕ ಮಗುವನ್ನು ಯಾರೂ ವಿಚಾರಿಸಲಿಲ್ಲ.

ಈ ಪಾಠವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಸಂಗತಿಯನ್ನು ಮೊದಲು ತಿಳಿಸುತ್ತೇವೆ. ಕೆಲವು ವರ್ಷಗಳ ಕೆಳಗೆ ನಾವು ಚೆನ್ನಾಗಿ ಬಲ್ಲ ಒಂದು ಮನೆಗೆ, ದೂರದ ಪಟ್ಟಣದ ಒಂದು ಕಾಲೇಜಿನ ಪರವಾಗಿ ಒಬ್ಬ ಮನುಷ್ಯನು ಬಣ್ಣದ ಪುಸ್ತಕವನ್ನು ಹಿಡಿದುಕೊಂಡು ಬಂದನು. ಡಿಪ್ಲೊಮಾ ಮುಗಿದ ಕೂಡಲೆ ಕೆಲಸ ನಿಶ್ಚಯವೆಂದು ಹೇಳಿ, ಕಂಪ್ಯೂಟರ್ ವಿಭಾಗಕ್ಕೆ ಹುಡುಗನ ಹೆಸರನ್ನು ಬರೆದುಕೊಂಡು, ಮೊದಲನೆಯ ವರ್ಷದ ಶುಲ್ಕವನ್ನೂ ಮೂಲ ಅಂಕಪಟ್ಟಿಯನ್ನೂ ತೆಗೆದುಕೊಂಡು ಹೋದನು. ತಂದೆಯು ಅದಕ್ಕೆ ಮುಂಚೆ ನಮ್ಮನ್ನು ಕೇಳಿದಾಗ, ನಾವು ಆ ಪುಸ್ತಕದ ಚಿತ್ರಗಳನ್ನು ನೋಡಿ "ಒಳ್ಳೇದಾಗಿ ಕಾಣುತ್ತದೆ" ಎಂದೆವು. ಆ ಹುಡುಗನಾದರೋ ಕೊಳವೆಬಾವಿಯ ಮೋಟಾರು ಕೆಟ್ಟರೆ ಊಟವನ್ನೂ ಮರೆತು ಬಿಚ್ಚಿ ನೋಡುವವನು. ಕಂಪ್ಯೂಟರಿನಲ್ಲಿ ಅವನಿಗೆ ಮನಸ್ಸೇ ಇರಲಿಲ್ಲ. ವರ್ಷ ಮುಗಿಯುವದರೊಳಗೆ ಹೇಳಿದ್ದ ಶುಲ್ಕವು ಬೇರೆ, ಕೇಳಿದ ಶುಲ್ಕವು ಬೇರೆಯಾಯಿತು. ಬಿಟ್ಟುಬರುತ್ತೇನೆಂದರೆ, ಉಳಿದ ವರ್ಷಗಳ ಹಣವನ್ನು ಕಟ್ಟದೆ ಅಂಕಪಟ್ಟಿಯನ್ನು ಕೊಡೆವೆಂದರು. ನಾವು ತಂದೆಯೊಡನೆ ಎರಡು ಸಾರಿ ಅಲ್ಲಿಗೆ ಹೋದೆವು. ಸಾಲ ಮಾಡಿ ಹಣ ತೆತ್ತ ಮೇಲೆ ಕಾಗದವು ಕೈಗೆ ಬಂತು; ಒಂದು ವರ್ಷವು ಬರಲಿಲ್ಲ. ವಿಚಾರಿಸದೆ ಆಡಿದ ನಮ್ಮ ಒಂದು ಮಾತಿಗೂ ಆ ನಷ್ಟದಲ್ಲಿ ಪಾಲುಂಟೆಂದು ನಾವು ಒಪ್ಪಿಕೊಳ್ಳುತ್ತೇವೆ. ಆದದರಿಂದ ಈ ಕೆಳಗಿನ ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇವೆ.

೧. ಮೊದಲು ಮಗುವನ್ನು ತಿಳಿಯತಕ್ಕದ್ದು

ಅಂಕಪಟ್ಟಿಯು ಮಗುವಿನ ಒಂದು ಭಾಗವನ್ನು ಮಾತ್ರ ತೋರಿಸುತ್ತದೆ. ಯಾವ ಪಾಠವನ್ನು ಹೇಳದೆಯೇ ಓದುತ್ತದೆ? ಯಾವ ಕೆಲಸದಲ್ಲಿ ಬೇಸರಪಡುವದಿಲ್ಲ? ಮನೆಯನ್ನು ಬಿಟ್ಟು ಇರಬಲ್ಲದೋ? ಇವುಗಳನ್ನು ತಾಯಿಯೂ ಶಾಲೆಯ ಉಪಾಧ್ಯಾಯರೂ ಬಲ್ಲರು. ಇವರಿಬ್ಬರನ್ನೂ ಕೇಳದೆ ನಿಶ್ಚಯಿಸುವದು, ಮಣ್ಣನ್ನು ನೋಡದೆ ಬೀಜ ಬಿತ್ತಿದ ಹಾಗೆ.

೨. ದಾರಿಗಳು ಒಂದಲ್ಲ, ಮೂರು

ಎಸ್.ಎಸ್.ಎಲ್.ಸಿ.ಯ ಮುಂದೆ ಮುಖ್ಯವಾಗಿ ಮೂರು ದಾರಿಗಳುಂಟು. ಮೊದಲನೆಯದು ಎರಡು ವರ್ಷದ ಪಿ.ಯು.ಸಿ.; ಇದರಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಎಂಬ ವಿಭಾಗಗಳಿವೆ. ಎರಡನೆಯದು ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ. ಮೂರನೆಯದು ಐ.ಟಿ.ಐ.; ಇಲ್ಲಿ ಕಸುಬಿಗೆ ತಕ್ಕಂತೆ ಒಂದು ಅಥವಾ ಎರಡು ವರ್ಷ.

ವಿಜ್ಞಾನವನ್ನು ಆರಿಸುವವರು ಒಂದನ್ನು ನೆನಪಿನಲ್ಲಿಡಬೇಕು. ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗಿನ ಬಾಗಿಲೂ, ಜೀವಶಾಸ್ತ್ರವನ್ನು ಬಿಟ್ಟವನಿಗೆ ವೈದ್ಯ ವಿದ್ಯೆಯ ಬಾಗಿಲೂ ಸಾಮಾನ್ಯವಾಗಿ ಮುಚ್ಚುತ್ತದೆ. ಮನಸ್ಸು ನಿಶ್ಚಯವಾಗದವನು ಎರಡನ್ನೂ ಇಟ್ಟುಕೊಳ್ಳುವದು ಒಳ್ಳೇದು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪಿ.ಯು.ಸಿ. ವಿಜ್ಞಾನದ ಪಾಠಗಳು ಇಂಗ್ಲಿಷಿನಲ್ಲಿ ಬರುವಾಗ ಮೊದಲನೆಯ ಆರು ತಿಂಗಳು ಬಹು ಕಷ್ಟ. ಬುದ್ಧಿಯುಳ್ಳ ಎಷ್ಟೋ ಮಕ್ಕಳು ಆಗಲೇ ಧೈರ್ಯಗೆಡುತ್ತಾರೆ. ಅದು ಭಾಷೆಯ ತೊಡಕೇ ಹೊರತು ಬುದ್ಧಿಯ ಕೊರತೆಯಲ್ಲವೆಂದು ಮನೆಯವರು ತಿಳಿಯಹೇಳಬೇಕು.

ಐ.ಟಿ.ಐ. ಸೇರಿದವನು ಅಲ್ಲಿಯೇ ನಿಂತುಹೋಗುವನೆಂದು ನೆನಸಬಾರದು. ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆಯ ಮೂಲಕ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಬಹುದು. ನಾವು ಹೇಳಿದ ಹುಡುಗನು ಈ ದಾರಿಯನ್ನೇ ಹಿಡಿದನು. ಎಲೆಕ್ಟ್ರಿಷಿಯನ್ ಕಸುಬನ್ನು ಕಲಿತು, ಆ ಮೇಲೆ ಡಿಪ್ಲೊಮಾವನ್ನೂ ಮುಗಿಸಿದನು.

೩. ಹತ್ತಿರದ ಕೆಲಸ ಒಂದನ್ನೇ ನೋಡಿ ಓದನ್ನು ಆರಿಸಬಾರದು

ನಮ್ಮ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮುಂತಾದ ಗ್ರಾಮಗಳಲ್ಲಿ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸೌರ ವಿದ್ಯುತ್ ಪಾರ್ಕನ್ನು ಕಟ್ಟಿದ್ದಾರೆ. ೨೦೧೮ರಲ್ಲಿ ಉದ್ಘಾಟನೆಯಾದ ಇದರ ಸಾಮರ್ಥ್ಯವು ೨,೦೫೦ ಮೆಗಾವಾಟ್. ಇದನ್ನು ನೋಡಿ "ಸೋಲಾರ್ ಓದಿಸಿದರೆ ಮನೆಯ ಬಾಗಿಲಲ್ಲೇ ಕೆಲಸ" ಎನ್ನುವವರು ಉಂಟು. ಆದರೆ ಫಲಕಗಳನ್ನು ನಿಲ್ಲಿಸುವಾಗ ಬೇಕಾದಷ್ಟು ಕೈಗಳು ಅವುಗಳನ್ನು ಕಾದುಕೊಳ್ಳುವದಕ್ಕೆ ಬೇಕಾಗುವದಿಲ್ಲ. ವಿದ್ಯುತ್ತಿನ ವಿದ್ಯೆಯನ್ನು ಚೆನ್ನಾಗಿ ಕಲಿತವನು ಇಲ್ಲಿ ಕೆಲಸ ಸಿಕ್ಕದಿದ್ದರೆ ಬೇರೆಲ್ಲಿಯಾದರೂ ಬಾಳುವನು. ಒಂದು ಪಾರ್ಕಿಗೆಂದೇ ಕಲಿತವನು ಅಲ್ಲಿ ಜಾಗವಿಲ್ಲವಾದರೆ ಏನು ಮಾಡುವನು? ಹಾಗೆಯೇ ಭೂಮಿಯ ಗುತ್ತಿಗೆಯ ಹಣವೆಲ್ಲವನ್ನೂ ಒಂದೇ ಕಾಲೇಜಿನ ಶುಲ್ಕಕ್ಕೆ ಸುರಿಯುವ ಮುಂಚೆ, ಕಿರಿಯ ಮಕ್ಕಳೂ ಮನೆಯಲ್ಲಿದ್ದಾರೆಂದು ನೆನಸಬೇಕು.

೪. ಕಾಲೇಜಿನ ವಿಷಯವಾಗಿ ವಿಚಾರಿಸತಕ್ಕವು

ಕಟ್ಟಡದ ಚಿತ್ರವು ಪಾಠ ಹೇಳುವದಿಲ್ಲ. ಪದವಿ ಕಾಲೇಜಾದರೆ ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆಯೆಂದು ಕೇಳಬೇಕು. ನಮ್ಮ ಜಿಲ್ಲೆಯಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ೨೦೦೪ರಲ್ಲಿ ಸ್ಥಾಪಿತವಾಯಿತು. ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಆದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮತಿಯುಂಟೋ ಎಂದು ನೋಡಬೇಕು. ಆ ಮೇಲೆ, ಅಲ್ಲಿ ಈಗ ಓದುತ್ತಿರುವ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕಂಡು, ಉಪಾಧ್ಯಾಯರು ದಿನಾಲೂ ಬರುತ್ತಾರೋ, ಪ್ರಯೋಗಶಾಲೆಯನ್ನು ತೆರೆಯುತ್ತಾರೋ ಎಂದು ವಿಚಾರಿಸಬೇಕು. ಬಣ್ಣದ ಪುಸ್ತಕದಲ್ಲಿ ಈ ಉತ್ತರವು ಸಿಕ್ಕುವದಿಲ್ಲ.

ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಟ್ಟು ಬರಬಾರದು. ಮೂಲ ಪತ್ರಗಳನ್ನು ಪರಿಶೀಲಿಸಿ ಕೂಡಲೇ ಹಿಂದಕ್ಕೆ ಕೊಡತಕ್ಕದ್ದು, ಇಟ್ಟುಕೊಳ್ಳಕೂಡದು ಎಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತಿಳಿಸಿತು. ಕಟ್ಟಿದ ಪ್ರತಿ ರೂಪಾಯಿಗೂ ರಶೀದಿಯನ್ನು ಪಡೆಯಬೇಕು.

೫. ಗಡಿಯ ಊರಿನವರು ಗಮನಿಸತಕ್ಕದ್ದು

ಪಾವಗಡವು ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲೂಕು. ನಮ್ಮಲ್ಲಿ ಕೆಲವರು ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಓದಿ, ಸಂತೆಗೆ ಹಿಂದೂಪುರಕ್ಕೆ ಹೋಗುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗುವು ಯಾವ ರಾಜ್ಯದಲ್ಲಿ ಎಷ್ಟು ವರ್ಷ ಓದಿತೆಂಬದು ಮುಂದೆ ಕೆಲಸಕ್ಕೆ ಬರುತ್ತದೆ. ಸಿ.ಇ.ಟಿ. ಮೂಲಕ ಸರಕಾರಿ ಸೀಟನ್ನು ಪಡೆಯಲು ಕರ್ನಾಟಕದಲ್ಲಿ ಕಡಿಮೆಯೆಂದರೆ ಏಳು ವರ್ಷ ಓದಿ, ಎಸ್.ಎಸ್.ಎಲ್.ಸಿ.ಯನ್ನಾಗಲಿ ಎರಡನೆಯ ಪಿ.ಯು.ಸಿ.ಯನ್ನಾಗಲಿ ಇಲ್ಲಿ ಪಾಸು ಮಾಡಿರಬೇಕೆಂಬದು ಸಾಮಾನ್ಯ ನಿಯಮ. ಒಂದರಿಂದ ಹತ್ತನೆಯ ತರಗತಿಯ ವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಸೀಟುಗಳ ಮೀಸಲಾತಿಯುಂಟು. ಪಕ್ಕದ ಮಡಕಶಿರಾ ತಾಲೂಕಿನಲ್ಲಿ ವಾಸಿಸುವ ಕನ್ನಡಿಗರಿಗೆ ಗಡಿನಾಡ ಕನ್ನಡಿಗರೆಂಬ ಬೇರೆ ನಿಯಮವಿದೆ. ಆದದರಿಂದ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯಿಂದ ಆಗಲೇ ಪಡೆದಿಟ್ಟುಕೊಳ್ಳಬೇಕು. ಜಾತಿ ಮತ್ತು ಆದಾಯದ ಪತ್ರಗಳಿಗೆ ನಾಡಕಚೇರಿಯಲ್ಲಿ ಮುಂಚಿತವಾಗಿ ಅರ್ಜಿ ಕೊಡಬೇಕು. ಕಾಗದವಿಲ್ಲದೆ ಸೀಟನ್ನು ಕಳೆದುಕೊಳ್ಳುವದು, ಬೆಳೆ ಬಂದ ಮೇಲೆ ಕೊಯ್ಯದೆ ಬಿಟ್ಟ ಹಾಗೆ.

೬. ದೂರ ಮತ್ತು ಹತ್ತಿರ

ತುಮಕೂರು ಪಾವಗಡದಿಂದ ಸುಮಾರು ೧೦೦ ಕಿಲೋಮೀಟರು. ದಿನಾಲೂ ಹೋಗಿಬರುವ ದಾರಿಯಲ್ಲ. ಆದಕಾರಣ ಶುಲ್ಕದ ಸಂಗಡ ವಸತಿ ಮತ್ತು ಊಟದ ವೆಚ್ಚವನ್ನೂ ಕೂಡಿಸಿ, ಕೋರ್ಸಿನ ಎಲ್ಲಾ ವರ್ಷಗಳ ಲೆಕ್ಕವನ್ನು ಒಂದೇ ಕಾಗದದ ಮೇಲೆ ಬರೆಯಬೇಕು. ಸರಕಾರಿ ವಿದ್ಯಾರ್ಥಿನಿಲಯಗಳೂ ವಿದ್ಯಾರ್ಥಿವೇತನಗಳೂ ಉಂಟು. ಅರ್ಜಿಯ ಕಡೇ ದಿನವನ್ನು ಮರೆಯಬಾರದು. ಪಾವಗಡದಲ್ಲಿಯೇ ಸರಕಾರಿ ಪ್ರಥಮ ದರ್ಜೆ ಕಾಲೇಜು ಇದೆ. ಹತ್ತಿರದ್ದು ಹೀನವೆಂದೂ ದೂರದ್ದು ಶ್ರೇಷ್ಠವೆಂದೂ ನೆನಸುವದು ನಮ್ಮ ಹಳೇ ರೋಗ. ಹೆಣ್ಣುಮಗಳನ್ನು ದೂರ ಕಳುಹಿಸಲು ಮನೆಯವರು ಹಿಂಜರಿದರೆ, ಓದನ್ನೇ ನಿಲ್ಲಿಸುವದಕ್ಕಿಂತ ಹತ್ತಿರದ ಕಾಲೇಜಿಗೆ ಸೇರಿಸುವದು ಎಷ್ಟೋ ಮೇಲು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲದ ಪ್ರಯಾಣವು ದೊರೆಯಿತು. ಬಸ್ಸಿನ ಖರ್ಚೆಂಬ ನೆವವು ಈಗ ನಿಲ್ಲದು.

ಮನೆಯಲ್ಲಿ ಕೂಡಿ ಮಾತಾಡತಕ್ಕ ಪ್ರಶ್ನೆಗಳು

(೧) ನಮ್ಮ ಮಗುವಿಗೆ ಯಾವ ಕೆಲಸದಲ್ಲಿ ಆಸಕ್ತಿಯುಂಟು? ಅದನ್ನು ನಾವು ಕೇಳಿದೆವೋ, ಊಹಿಸಿದೆವೋ?
(೨) ಆರಿಸಿದ ದಾರಿಯು ತಪ್ಪಾದರೆ ಹಿಂದಿರುಗುವದಕ್ಕೆ ಬೇರೆ ಯಾವ ದಾರಿಯುಂಟು?
(೩) ಕಾಲೇಜಿನ ಅನುಮತಿಯನ್ನು ನಾವೇ ನೋಡಿದೆವೋ, ಬಂದವನ ಮಾತನ್ನು ನಂಬಿದೆವೋ?
(೪) ಎಲ್ಲಾ ವರ್ಷಗಳ ವೆಚ್ಚವೆಷ್ಟು? ಕಿರಿಯ ಮಕ್ಕಳಿಗೆ ಏನುಳಿಯುತ್ತದೆ?
(೫) ಮಗನಿಗೆ ಕೇಳಿದ ಈ ಪ್ರಶ್ನೆಗಳನ್ನೇ ಮಗಳಿಗೂ ಕೇಳಿದೆವೋ?

ಕಡೆಯದಾಗಿ, ಯೌವನಸ್ಥರಿಗೆ ಒಂದು ಮಾತು. ತಂದೆತಾಯಿಗಳು ನಿಮ್ಮನ್ನು ಕೇಳಿದಾಗ ಸುಮ್ಮನೆ ತಲೆ ತಗ್ಗಿಸಿ ನಿಲ್ಲಬೇಡಿರಿ. ಮರ್ಯಾದೆಯಿಂದ ನಿಮ್ಮ ಮನಸ್ಸನ್ನು ತಿಳಿಸಿರಿ. ಆ ಹುಡುಗನು ಆ ದಿನ ಬಾಯಿ ತೆರೆದಿರಲಿಲ್ಲ. ಯಾಕೆಂದು ಆ ಮೇಲೆ ಕೇಳಿದಾಗ, "ನೀವೆಲ್ಲರೂ ಒಳ್ಳೇದೆಂದಿರಿ, ನಾನು ಏನು ಹೇಳಲಿ?" ಎಂದನು. ಅಂದಿನಿಂದ ಯಾವ ಮನೆಯಲ್ಲಿ ಈ ವಿಷಯವಾಗಿ ನಮ್ಮನ್ನು ಕೇಳಿದರೂ, ನಾವು ಮೊದಲು ಮಗುವಿನ ಕಡೆಗೆ ತಿರುಗಿ, ಅದು ಮಾತಾಡುವ ವರೆಗೆ ಕಾದಿರುತ್ತೇವೆ.